ನೆಲ ಮುಟ್ಟದ ಸೊಂಡಿಲು

ಗಂಡನ ಮಣ್ಣಿಗೆ ಬಂದಿದ್ದ ನೆಂಟರೆಲ್ಲ ಗಾಡಿ ಕಟ್ಟಿಸಿಕೊಂಡು ಹೋದ ಮರುದಿನ ನೀಲವ್ವ ಎಂದಿನಂತೆ ಎದ್ದು ಒಲೆ ಹಚ್ಚಿದಳು. ಅತ್ತೆ ಸಿದ್ದವ್ವ ಎಷ್ಟು ರೊಟ್ಟಿ ಬಡಿಯಬೇಕೆಂದು ಕೇಳಿ, ಉತ್ತರಕ್ಕೆ ಕಾಯದೆ ಹಿಟ್ಟು ನಾದತೊಡಗಿದಳು. ಯಾರೂ ಅಳಲಿಲ್ಲ. ಎಮ್ಮೆ ಕರೆಯಿತು, ಹಾಲು ಉಕ್ಕಿತು, ಚೆಲ್ಲಿದ್ದನ್ನು ಬೆಕ್ಕು ನೆಕ್ಕಿತು. ಇದೆಲ್ಲ ಬೇರೆ ಯಾರದೋ ಮನೆಯಲ್ಲಿ ನಡೆಯುತ್ತಿದೆ ಎಂದು ನೀಲವ್ವನಿಗೆ ಅನಿಸಿತು.

ಗಂಡನ ಅಣ್ಣ ಚಂದ್ರಶೇಖರಪ್ಪ ಹೊಸ್ತಿಲಾಚೆ ನಿಂತು ಮಾತು ತೆಗೆದ. ಸೋಮವಾರ ಶಿರಸಿಯಿಂದ ಪೋಲೀಸ್ ಫೌಜದಾರರು ಬರುತ್ತಾರೆ, ತಮ್ಮ ಮಧುಕೇಶ್ವರ ಸತ್ತದ್ದು ಹೇಗೆಂದು ಮನೆಯವರನ್ನು ಕೇಳುತ್ತಾರೆ. ತಾನು ಹೇಳಿದರೆ ಹಳ್ಳಿಯವನ ಮಾತು ಎಂದಾರು. ಪುಣೆಯ ಕಾಲೇಜಿನಲ್ಲಿ ಓದಿ ಪದವಿ ಪಡೆದವಳ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ. ಅವಳು ಹೇಳಬೇಕಾದದ್ದು ಇಷ್ಟೆ: ಮಕ್ಬೂಲನ ಲಾರಿ ಹಿಂದಕ್ಕೆ ಬಂದು ಕಣದ ಚಪ್ಪರದ ಕಂಬಕ್ಕೆ ಬಡಿಯಿತು, ಚಪ್ಪರ ಮಧುಕೇಶ್ವರನ ಮೇಲೆ ಬಿತ್ತು.

“ಗಾಳಿ ಕೆಡವಿತು ಅಂತಾನಲ್ಲರಿ ಅವ,” ಎಂದಳು ನೀಲವ್ವ.

“ಗಾಳಿ ಕಂಬ ಮುರದು, ಲಾರಿ ಬೆನ್ನು ನೆಗ್ಗಿಸಿ, ಆ ಮಕ್ಬೂಲನ ಮೈಗೆ ಒಂದು ಗೀರೂ ಮಾಡದ ಹೋತೇನ? ನಂಬೂ ಮಾತೇನ ನೀಲಾ ಇದು?”

ನಂಬುವ ಮಾತಾಗಿರಲಿಲ್ಲ.

ಮಕ್ಬೂಲ್ ಸಾಹೇಬ ಶಿರಸಿಯವನು, ಬಾಡಿಗೆಗೆ ಲಾರಿ ಓಡಿಸುವವನು, ಮಧುಕೇಶ್ವರನ ಗೆಳೆಯ. ಹುಲ್ಲಿನ ಬಣವೆ ಮುಚ್ಚಲೆಂದು ಮಧುಕೇಶ್ವರ ಅವನ ತಾಡಪತ್ರಿಯನ್ನು ಕೇಳಿ ತಂದಿದ್ದ. ಯಲ್ಲಾಪುರಕ್ಕೆ ಮಾಲು ಒಯ್ಯುವುದಿದೆ, ತಾಡಪತ್ರಿ ಬೇಕು ಎಂದು ಮಕ್ಬೂಲ್ ಆ ದಿನ ಮಧ್ಯಾಹ್ನ ಬಂದಿದ್ದ. ಆಗಲೇ ಬನವಾಸಿ ಕಡೆಯ ಆಕಾಶ ಕಪ್ಪಿಟ್ಟು, ಮೋಡದ ಹೊಟ್ಟೆಯಿಂದ ಸೊಂಡಿಲಿನಂಥದೊಂದು ಇಳಿಯಿತು. ನೀಲವ್ವ ಒಳಗಿದ್ದಳು. ಸದ್ದು ಕೇಳಿ ಕಣಕ್ಕೆ ಓಡುವಷ್ಟರಲ್ಲಿ ಮಕ್ಬೂಲ್ ಅವಳ ಗಂಡನನ್ನು ಲಾರಿಗೆ ಎತ್ತುತ್ತಿದ್ದ. ಶಿರಸಿ ಮುಟ್ಟುವ ಮೊದಲೇ ಜೀವ ಹೋಗಿತ್ತು.

ನೀಲವ್ವ ಊರಿನಲ್ಲಿ ವಿಚಾರಿಸಿದಳು. ಎಲ್ಲರದೂ ಒಂದೇ ಮಾತು, ಸೊಂಡಿಲು ನೆಲ ಮುಟ್ಟಲಿಲ್ಲ. ಪಕ್ಕದ ಮನೆಯ ಗೌರಕ್ಕನಂತೂ ಅರ್ಧಕ್ಕೆ ಇಳಿದದ್ದು ಹಾಗೇ ಮೇಲೆ ಹೋಯಿತೆಂದು ಆಣೆಯಿಟ್ಟಳು. ಸೊಂಡಿಲು ಮುಟ್ಟಿ ಕುಡಿದಿದ್ದರೆ ಕೆರೆಯ ನೀರು ಇಳಿಯಬೇಕಿತ್ತು, ಒಂದು ಗೇಣೂ ಇಳಿದಿರಲಿಲ್ಲ, ಅದಕ್ಕಿಂತ ಸಾಕ್ಷಿ ಬೇಕೆ? ಕಾಲೇಜಿನಲ್ಲಿ ಅವಳಿಗೆ ಕಲಿಸಿದ್ದೂ ಅದನ್ನೇ ಹೇಳುತ್ತಿತ್ತು: ಅರ್ಧದಲ್ಲೇ ನಿಂತದ್ದು ಬರಿಯ ಮೋಡ, ಅದರಿಂದ ಕೇಡಿಲ್ಲ, ನೆಲ ಮುಟ್ಟಿದ್ದೇ ಮನೆಮಾರು ಎತ್ತಿ ಒಗೆಯುವ ಸುಂಟರಗಾಳಿ. ಹಾಗಿದ್ದರೆ ಮಕ್ಬೂಲ್ ಸುಳ್ಳು ಹೇಳುತ್ತಿದ್ದಾನೆ. ಅದು ಮನಸ್ಸಿಗೆ ಬಂದ ದಿನ ಅವಳಿಗೆ ಹಸಿವಾಯಿತು. ಗಂಡ ಹೋದ ಮೇಲೆ ಅವಳೊಳಗೆ ಅಲುಗಾಡಿದ್ದು ಆ ಸಂಶಯವೊಂದೇ.

ಶುಕ್ರವಾರ ಮಕ್ಬೂಲ್ ತಾನಾಗಿ ಬಂದ. ಕಟ್ಟೆ ಹತ್ತಲಿಲ್ಲ. ತಾಡಪತ್ರಿಯ ಮಾತನ್ನೂ ಎತ್ತಲಿಲ್ಲ. ಆ ದಿನ ಅದನ್ನೇ ಕೇಳಲು ಬಂದವನು ಈಗ ಯಾಕೆ ಕೇಳುತ್ತಿಲ್ಲ ಎಂದು ನೀಲವ್ವ ಅವನ ಮುಖವನ್ನೇ ನೋಡಿದಳು. ಲಾರಿ ಹಿಂದಕ್ಕೆ ತೆಗೆದಿರಾ ಎಂದು ಕೇಳಿದಳು.

“ತಗದೆ ಅಕ್ಕಾರ. ಚಪ್ಪರ ಬಿದ್ದ ಮ್ಯಾಲ. ಅವರನ್ನ ಎತ್ತಿ ಹಾಕ್ಲಿಕ್ಕೆ.”

“ಬಿದ್ದ ಮ್ಯಾಲ ಅನ್ನೂದಕ್ಕ ಯಾರು ಸಾಕ್ಷಿ?”

“ನಿಮ್ಮ ಭಾವಾರು ಅಲ್ಲೇ ಇದ್ರಲ್ಲರಿ,” ಎಂದು ಅವನು ಹೊಸ್ತಿಲ ಬಳಿ ನಿಂತಿದ್ದ ಚಂದ್ರಶೇಖರಪ್ಪನ ಕಡೆ ನೋಡಿದ. ಚಂದ್ರಶೇಖರಪ್ಪ ಕ್ಯಾಕರಿಸಿ ಉಗುಳಿ ಒಳಗೆ ನಡೆದ.

ಮಕ್ಬೂಲನಿಗೂ ಹೆಂಡತಿ ಮಕ್ಕಳಿದ್ದರು. ತನ್ನ ಒಂದು ಮಾತಿನಿಂದ ಅವನು ಜೈಲು ಸೇರುತ್ತಾನೆಂದು ನೀಲವ್ವನಿಗೆ ಗೊತ್ತಿತ್ತು. ಸೇರಲಿ ಎಂದುಕೊಂಡಳು.

ಭಾನುವಾರ ಇಳಿಹೊತ್ತಿಗೆ ಮತ್ತೆ ಮೋಡ ಕಟ್ಟಿತು. ಗೌರಕ್ಕ ಸೊಂಡಿಲು, ಸೊಂಡಿಲು ಎನ್ನುತ್ತ ಓಡಿಬಂದಳು. ಬಯಲಿನ ಮೇಲೆ ಬೂದುಬಣ್ಣದ್ದು ಇಳಿಯುತ್ತಿತ್ತು. ಓಣಿಯ ಜನ ಹೊರಗೆ ಬಂದು ಒಮ್ಮೆ ಮೇಲೆ ನೋಡಿ ಕೈ ಮುಗಿದರು. ಆಮೇಲೆ ಎಲ್ಲರೂ ಬೆನ್ನು ತಿರುಗಿಸಿ ಗೋಡೆ ನೋಡುತ್ತ ನಿಂತರು. ಅದು ಆ ಸೀಮೆಯ ವಾಡಿಕೆ. ಮೇಲಿನ ಆನೆ ನೀರು ಕುಡಿಯಲು ಸೊಂಡಿಲು ಇಳಿಸುತ್ತದೆ. ಉಣ್ಣುವವರ, ಕುಡಿಯುವವರ ಬಾಯಿ ನೋಡಬಾರದು.

ನೀಲವ್ವ ತಿರುಗಲಿಲ್ಲ. ನಾಳೆ ಫೌಜದಾರರ ಮುಂದೆ, ಸೊಂಡಿಲು ನೆಲ ಮುಟ್ಟುವುದಿಲ್ಲ, ಕಣ್ಣಾರೆ ಕಂಡೆ ಎನ್ನಬೇಕಿತ್ತು. ಮಾಳಿಗೆಯ ಏಣಿ ಹತ್ತಿ ನಿಂತಳು.

ಸೊಂಡಿಲು ಅರ್ಧಕ್ಕೆ ಇಳಿದು ನಿಂತಿತು. ಅದರ ತುದಿಗೂ ನೆಲಕ್ಕೂ ನಡುವೆ ಏನೂ ಇರಲಿಲ್ಲ, ಆಚೆಯ ಮರಗಳು ನಿಚ್ಚಳವಾಗಿ ಕಾಣುತ್ತಿದ್ದವು. ಸರಿಯಾಯಿತು ಎಂದುಕೊಳ್ಳುವಷ್ಟರಲ್ಲಿ ಅವಳ ಕಣ್ಣು ಇನ್ನೂ ಕೆಳಗೆ ಹೋಯಿತು. ಸೊಂಡಿಲಿನ ನೇರ ಕೆಳಗೆ ಒಣಗದ್ದೆಯ ಮಣ್ಣು ಗಾಣದಂತೆ ಸುತ್ತುತ್ತಿತ್ತು. ಹುಲ್ಲು ಮೇಲೇರುತ್ತಿತ್ತು. ಕಾವಲು ಗುಡಿಸಿಲಿನ ಮಾಡು ತಲೆಯ ಮೇಲಿನ ಟೋಪಿ ತೆಗೆದಷ್ಟು ಸಲೀಸಾಗಿ ಎದ್ದು, ತಿರುಗಿ, ಚೂರುಚೂರಾಯಿತು. ಪಕ್ಕದಲ್ಲೇ ಮೇಯುತ್ತಿದ್ದ ಆಕಳು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿತು. ಗಾಳಿ ನೆಲ ಮುಟ್ಟಿತ್ತು, ಮೋಡ ಮಾತ್ರ ಮುಟ್ಟಿರಲಿಲ್ಲ.

ಜನ ಈ ಕಡೆ ತಿರುಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಟ್ಟಲಿಲ್ಲ ನೋಡು, ಕೆರೆ ತುಂಬೇ ಇದೆ ಎಂದಳು ಗೌರಕ್ಕ.

ಇದರಿಂದ ಮಕ್ಬೂಲ್ ನಿರಪರಾಧಿ ಎಂದಾಗಲಿಲ್ಲ, ಅದೂ ನೀಲವ್ವನಿಗೆ ಗೊತ್ತಿತ್ತು. ಕೆಳಗಿಳಿದು ಬಂದು ಚಂದ್ರಶೇಖರಪ್ಪನ ಎದುರು ನಿಂತಳು. ಇಷ್ಟು ದಿನ ಮಕ್ಬೂಲನನ್ನು ನೋಡಿದ ಕಣ್ಣಿನಿಂದಲೇ ಅವನನ್ನು ನೋಡಿದಳು.

“ಅವತ್ತು ಕಣದಾಗ ನೀವು ಯಾ ಕಡೆ ಮಾರಿ ಮಾಡಿ ನಿಂತಿದ್ರಿ, ಭಾವಾರ?”

ಅವನು ಗೋಡೆಯ ಕಡೆ ನೋಡಿದ.

“ಲಾರಿ ಕಂಬಕ್ಕ ಬಡದದ್ದು ಕಂಡ್ರೇನು?”

“ಅಣ್ಣಾ ಅಂತ ಕೂಗಿದ,” ಎಂದ ಚಂದ್ರಶೇಖರಪ್ಪ ತಡೆದು ತಡೆದು. “ಎರಡು ಸಲ ಕೂಗಿದ. ನಾ ಗೋಡಿ ಕಡೆ ಮಾರಿ ಮಾಡಿದ್ದೆ. ತಿರಗಬಾರದು ಅಂತ ತಿರಗಲಿಲ್ಲ.”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಸಿದ್ದವ್ವ ಕೇಳಿಸಿಕೊಂಡಿರಬೇಕು.

ಸೋಮವಾರ ಫೌಜದಾರರು ಕಟ್ಟೆಯ ಮೇಲೆ ಕೂತು ಕೇಳಿದಾಗ ನೀಲವ್ವ ಎರಡೇ ಮಾತು ಹೇಳಿದಳು: ಚಪ್ಪರ ಬೀಳುವುದನ್ನು ನಮ್ಮ ಮನೆಯವರು ಯಾರೂ ನೋಡಿಲ್ಲ; ಅಂಥ ಗಾಳಿ ಚಪ್ಪರ ಎತ್ತಬಲ್ಲದು, ಅದನ್ನು ನಾನು ನೋಡಿದ್ದೇನೆ. ಚಂದ್ರಶೇಖರಪ್ಪ ತಲೆ ತಗ್ಗಿಸಿ, ಹೌದು, ನಾನೂ ನೋಡಿಲ್ಲ ಎಂದ. ಫೌಜದಾರರು ಚಹಾ ಕುಡಿದು ಎದ್ದುಹೋದರು.

ಆ ವಾರ ಅವಳು ಬಣವೆಯ ಮೇಲಿನ ತಾಡಪತ್ರಿ ಬಿಚ್ಚಿಸಿ ಗಾಡಿಗೆ ಹೇರಿಸಿ ಶಿರಸಿಗೆ ಹೋದಳು. ಲಾರಿಯ ಕೆಳಗಿನಿಂದ ಎದ್ದುಬಂದ ಮಕ್ಬೂಲ್ ಮೊದಲು ಅವಳ ಬೆನ್ನ ಹಿಂದೆ ನೋಡಿದ, ಪೋಲೀಸರು ಇದ್ದಾರೋ ಎಂದು. ಆಮೇಲೆ ಗಾಡಿ ನೋಡಿದ.

“ಇದಕ್ಕ ನೀವಽ ಬರಬೇಕಿತ್ತೇನ್ರಿ ಅಕ್ಕಾರ? ಯಾರನ್ನಾರ ಕಳಸಿದ್ರ ಆಗ್ತಿತ್ತಲ್ಲ.”

“ಇಸಗೊಂಡವರು ನಮ್ಮವರು. ಹರದೇತೇನು ನೋಡಿಕೊಳ್ರಿ.”

ಅವನು ನೋಡಿಕೊಂಡ. ಬೇಡವೆನ್ನದೆ, ಮೂಲೆ ಮೂಲೆ ಹಿಡಿದು, ಬೆಳಕಿಗೆ ಎತ್ತಿ ನೋಡಿದ. ಅವಳ ಮೇಲೆ ಅವನಿಗೂ ಅಷ್ಟು ಬೇಗ ನಂಬಿಕೆ ಬಂದಿರಲಿಲ್ಲ. ಅದು ನೀಲವ್ವನಿಗೆ ಸರಿಯೆನಿಸಿತು. ತಾಡಪತ್ರಿ ಒಬ್ಬರೇ ಮಡಚುವಂಥದಲ್ಲ. ಅವನು ಆ ತುದಿ ಹಿಡಿದ, ಅವಳು ಈ ತುದಿ ಹಿಡಿದಳು.