ನೆನೆಹಾಕಿದ ಸೂಜಿಗಳು

"ಅಷ್ಟು ತಿಕ್ಕಬ್ಯಾಡ ಬಿಡ ಪುಷ್ಪಾ, ಚರ್ಮಾನ ಕಿತ್ತು ಬಂದೀತು," ಎಂದಳು ಪಕ್ಕದ ಮನೆಯ ಹಾಜಿರಾಬಿ.

ಪುಷ್ಪಾವತಿ ಕೇಳಲಿಲ್ಲ. ಅವ್ವನ ಹೆಣಕ್ಕೆ ಕೊನೆಯ ನೀರು ಹಾಕಿದ್ದಾಗಿತ್ತು. ಅವಳ ಉಗುರುಸಂದಿಯ ಮೆಣಸಿನಕಾಯಿ ಕೆಂಪು ಮಾತ್ರ ಹೋಗಲೊಲ್ಲದು. ಹೇಗೆ ಹೋದೀತು! ಐದು ವರ್ಷ ಬ್ಯಾಡಗಿ ಪೇಟೆಯಲ್ಲಿ ಚಂದ್ರಪ್ಪ ಸಾವಕಾರರ ಅಂಗಡಿಯ ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈ ಅದು. ಅದಕ್ಕೂ ಮೊದಲು ಹನ್ನೆರಡು ವರ್ಷ ರಾಣೇಬೆನ್ನೂರಿನ ಹಲ್ಲಿನ ದವಾಖಾನೆಯಲ್ಲಿ ಬ್ಲೀಚಿನ ನೀರಿನಲ್ಲಿ ಅದ್ದಿದ ಕೈ. ಅವ್ವ ಮಂಗಳವ್ವನ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಹೆಬ್ಬೆಟ್ಟು ಒತ್ತಿದರೆ ಕಾಗದದ ಮೇಲೆ ಬರೀ ಮಸಿ ಮೂಡುತ್ತಿತ್ತು. ಬಿರುಕುಗಳಿಗೆ ಖಾರ ಇಳಿದ ದಿನ ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಸುಮ್ಮನೆ ಕೂರುತ್ತಿದ್ದಳು.

"ಡಾಕ್ಟರು ಬಂದ್ರು, ದಾರಿ ಬಿಡ್ರಿ!" ಅಂಗಳದಲ್ಲಿ ಯಾರೋ ಕೂಗಿದರು.

ಅದೇ ಹಲ್ಲಿನ ದವಾಖಾನೆಯ ಮಾಲತೇಶ ಡಾಕ್ಟರು ಬಿಳಿ ಅಂಗಿ ತೊಟ್ಟು, ದೊಡ್ಡ ಹಾರ ಹಿಡಿದು ಒಳಗೆ ಬಂದರು. ಪುಷ್ಪಾವತಿಗೆ ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ಅವ್ವನ ದೆಸೆಯಿಂದ ಇವರ ಹೆಸರು ಕೆಟ್ಟಿತ್ತು, ಆದರೂ ಬಂದರಲ್ಲ! ಕಾಲು ಮುಟ್ಟಲು ಬಗ್ಗಿದಳು. ಹಾಜಿರಾಬಿ ಅವಳ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದಳು.

*

ಅದು ಎರಡು ಸಾವಿರದ ಮೂರರ ಮಾತು. ಚಂದ್ರಪ್ಪ ಸಾವಕಾರರ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡುವಾಗ, ಬೇರಿನ ಒಳಗೆ ಆಡಿಸುವ ಸಣ್ಣ ಸೂಜಿ ಅಲ್ಲೇ ಮುರಿದು ಉಳಿಯಿತು. "ಇಕಿ ರಾತ್ರಿಯೆಲ್ಲಾ ಬ್ಲೀಚಿನ್ಯಾಗ ನೆನೆ ಹಾಕ್ಯಾಳ, ಸೂಜಿ ತಿಂದ್ಹೋಗ್ಯಾವು!" ಎಂದು ಡಾಕ್ಟರು ಹೊರಗಿನ ಮಂದಿಗೂ ಕೇಳುವಂತೆ ಹರಿಹಾಯ್ದರು. ಅಂದೇ ಮಂಗಳವ್ವನ ಕೆಲಸ ಹೋಯಿತು. ಬಂದ ರೋಗಿಗಳ ಹೆಸರು ಬರೆದುಕೊಳ್ಳುವ ಕುರ್ಚಿಯಲ್ಲಿ ಮಗಳನ್ನು ಕೂರಿಸುತ್ತೇನೆಂದು ಡಾಕ್ಟರು ಕೊಟ್ಟಿದ್ದ ಮಾತೂ ಹೋಯಿತು.

"ಹನ್ನೆರಡು ವರ್ಷದಾಗ ಒಂದು ಸೂಜಿ ತೊಳಿಯಾಕ ಬರಲಿಲ್ಲೇನ ನಿನಗ?" ಎಂದು ಪುಷ್ಪಾವತಿ ಕಿರುಚಿದ್ದಳು.

"ರಾತ್ರಿಯೆಲ್ಲಾ ಇಡು ಅಂದಾವರ ಅವರು..."

"ಸುಳ್ಳು ಹೇಳಬ್ಯಾಡ! ನಿನ್ನ ಹೊಟ್ಟ್ಯಾಗ ಹುಟ್ಟಿದ್ದ ನನ್ನ ಕರ್ಮ."

ಮಂಗಳವ್ವ ಮಗಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಎದ್ದು ಹೋದಳು. ಆಮೇಲೆ ಆ ಮಾತನ್ನು ಬಾಯಿಗೆ ತರಲಿಲ್ಲ.

*

"ಅವನ ಕಾಲಿಗೆ ಬೀಳ್ತಿಯಾ?" ಹಾಜಿರಾಬಿ ದನಿ ತಗ್ಗಿಸಿದಳು. "ಆ ದವಾಖಾನ್ಯಾಗ ಕಸಾ ಹೊಡೀತಿದ್ದೆ, ಎಲ್ಲಾ ಕಣ್ಣಾರೆ ನೋಡೇನಿ. ಏಡ್ಸ್ ಅಂಜಿಕಿಗೆ, ಹತ್ತು ಮಿನಿಟ್ ಸಾಲಂಗಿಲ್ಲ, ರಾತ್ರಿಯೆಲ್ಲಾ ನೆನೀಲಿ ಅಂದಾವ ಅವನ. ಸೂಜಿ ಕಪ್ಪಾಗಿ ಸುರುಳಿ ಬಿಚ್ಚಾಕತ್ವು. ಈ ನೀರು ಸೂಜೀನ ತಿಂತೈತ್ರಿ ಅಂತ ನಿಮ್ಮವ್ವ ಬಡಕೊಂಡ್ಲು. ನೀ ಡಾಕ್ಟರೇನು ಅಂದ. ಆಕಿ ಕೆಟ್ಟ ಸೂಜಿ ಆರಿಸಿ ಚೆಲ್ಲಾಕಂತ ಬ್ಯಾರೆ ಡಬ್ಬ್ಯಾಗ ಇಟ್ಲು. ಹೊಸಾವು ಬಂದಿರಲಿಲ್ಲ. ಅವತ್ತು ಅವ ಆ ಡಬ್ಬಿಗೇ ಕೈ ಹಾಕಿದ."

ಪುಷ್ಪಾವತಿ ರಟ್ಟೆ ಬಿಡಿಸಿಕೊಂಡಳು. "ಐದು ವರ್ಷ ಯಾಕ ಸುಮ್ಮನಿದ್ದಿ ಚಾಚಿ?"

"ನನಗೂ ಹೊಟ್ಟಿ ಐತೆವಾ. ಇನ್ನೂ ಅಲ್ಲೇ ಕಸಾ ಹೊಡೀತೇನಿ." ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇವತ್ತು ಆ ಹಾರ ನೋಡಿ ತಡಕೊಳ್ಳಾಕ ಆಗಲಿಲ್ಲ."

ಅಷ್ಟರಲ್ಲಿ ಹೆಣವನ್ನು ಹೊರಗೆ ತಂದು ಚಟ್ಟಕ್ಕೆ ಕಟ್ಟಿದ್ದರು. ಡಾಕ್ಟರ ಪಕ್ಕದಲ್ಲಿ ಚಂದ್ರಪ್ಪ ಸಾವಕಾರರೂ ನಿಂತಿದ್ದರು. ಪುಷ್ಪಾವತಿ ಓಡಿಬಂದು ಅಡ್ಡ ನಿಂತಳು.

"ಎತ್ತಬ್ಯಾಡ್ರಿ! ಡಾಕ್ಟರ, ರಾತ್ರಿಯೆಲ್ಲಾ ನೆನೆ ಹಾಕು ಅಂದಾವರು ಯಾರು? ಸಾವಕಾರರ ಮುಂದ ಹೇಳ್ರಿ."

"ಈಗ ಅದೆಲ್ಲಾ ಯಾಕವಾ..."

"ನೀವು ಹೇಳೂತನಕ ನಮ್ಮವ್ವ ಏಳಂಗಿಲ್ಲ."

ಗಂಡಸರು ಗದರಿದರು, ಹೊತ್ತೇರಿತೆಂದು ಅವಸರಪಡಿಸಿದರು. ಅವಳು ಚಟ್ಟದ ಬಿದಿರು ಹಿಡಿದು ಕುಳಿತೇಬಿಟ್ಟಳು. ಡಾಕ್ಟರು ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದರು. ಕೊನೆಗೆ ಕೈಮುಗಿದರು.

"ಖರೇ ಐತಿ. ನೆನೆ ಹಾಕು ಅಂದಾವ ನಾನ. ಆಕಿ ತೆಗೆದಿಟ್ಟ ಸೂಜಿ ಬಳಸಿದಾವನೂ ನಾನ. ಮಂಗಳವ್ವಂದು ಏನೂ ತಪ್ಪಿರಲಿಲ್ಲ."

ಪುಷ್ಪಾವತಿ ಚಂದ್ರಪ್ಪನ ಮುಖ ನೋಡಿದಳು. ಅವ್ವನನ್ನು ಕೂಲಿಗೆ ಕರೆಯುವಾಗಲೆಲ್ಲ "ಏ ಸೂಜಿ ಮುರಿದಾಕಿ" ಎನ್ನುತ್ತಿದ್ದ ಬಾಯಿ ಅದು. ಈಗಲಾದರೂ ಒಂದು ಒಳ್ಳೆಯ ಮಾತು ಬಂದೀತೆಂದು ಕಾದಳು.

"ನೋಡ್ರಪಾ, ದೊಡ್ಡ ಮನಸ್ಸಂದ್ರ ಇದು!" ಎಂದ ಚಂದ್ರಪ್ಪ. "ಇಷ್ಟು ಮಂದಿ ಮುಂದ ಒಪ್ಪಿಕೊಳ್ಳಾಕ ಗುಂಡಿಗಿ ಬೇಕು. ಕುಂದರ್ರಿ ಡಾಕ್ಟರ, ಬಿಸಿಲಾಗ ನಿಂತೀರಿ." ಹೆಗಲ ಟವೆಲ್ಲಿನಿಂದ ತಾನೇ ಕುರ್ಚಿ ಒರೆಸಿದ. ಒಬ್ಬ ನೀರು ತಂದ, ಇನ್ನೊಬ್ಬ ಗಾಳಿ ಬೀಸಿದ. ಥೂ! ಅಷ್ಟು ಜನರಲ್ಲಿ ಒಬ್ಬನೂ ಚಟ್ಟದ ಕಡೆ ತಿರುಗಲಿಲ್ಲ.

ಸಿಟ್ಟಿಗಿಂತ ಹೆಚ್ಚಾಗಿ ಇನ್ನೊಂದು ಸಂಕಟ ಪುಷ್ಪಾವತಿಯನ್ನು ಕಾಡಿತು. ಡಾಕ್ಟರು ಹೇಳಿ ಹಗುರಾದರು. ಹೊರಗಿನವರು ಅಂದದ್ದು ಒಂದು ಪಾಲಾದರೆ ಹೊಟ್ಟೆಯ ಮಗಳು ಅಂದದ್ದು ಮೂರು ಪಾಲು.

ಹಲಗೆ ಬಡಿತ ಸುರುವಾಯಿತು. ನಾಲ್ವರು ಚಟ್ಟ ಎತ್ತಿದರು. ಹೆಂಗಸರು ಓಣಿ ದಾಟಬಾರದೆಂದು ಯಾರೋ ತಡೆದರೂ ಅವಳು ಕೊಸರಿಕೊಂಡು ಓಡಿದಳು. ಅವ್ವನ ಕಿವಿ ಈಗ ಗಂಡಸರ ಹೆಗಲೆತ್ತರದಲ್ಲಿತ್ತು. "ಯವ್ವಾ, ತಪ್ಪಾತಬೇ... ನೀ ಸುಳ್ಳು ಹೇಳಿರಲಿಲ್ಲಬೇ..." ಹಲಗೆಯವರು ಇನ್ನಷ್ಟು ಜೋರು ಮಾಡಿದರು, ಹೊತ್ತವರು ದಾಪುಗಾಲು ಹಾಕಿದರು. ಪುಷ್ಪಾವತಿ ಆ ಕಿವಿಗೆ ನಿಲುಕಲು ಕುಪ್ಪಳಿಸುತ್ತ, ಮುಗ್ಗರಿಸುತ್ತ, ಮತ್ತೆ ಕುಪ್ಪಳಿಸುತ್ತ ಚಟ್ಟದ ಪಕ್ಕದಲ್ಲೇ ಓಡುತ್ತಿದ್ದಳು.