ಐರೀನಾಳ ಡಿಸ್ಕು

ವಿಮೆಯ ದರಗಳಿದ್ದ ಆ ಕಂಪ್ಯೂಟರ್ ಡಿಸ್ಕನ್ನು ಐರೀನಾ ಕುಹಾರಿಕ್ ‘ನನ್ನದು’ ಅನ್ನುತ್ತಿದ್ದಳು. ಅದು ವಿಮಾ ಕಂಪನಿಯದು ಎಂದು ಯಾರೂ ತಿದ್ದಲು ಹೋಗಲಿಲ್ಲ. ಎಂಡಿಕಾಟ್‌ನ ಬೂಟಿನ ಕಾರ್ಖಾನೆಯಲ್ಲಿ ನಾವಿಬ್ಬರೂ ಒಂದೇ ಸಾಲಿನಲ್ಲಿ ಕೂತು ಚರ್ಮ ಹೊಲಿದವರು. ಅಲ್ಲಿ ಕೆಲಸ ಹೋದಮೇಲೆ ಇಬ್ಬರೂ ಈ ವಿಮಾ ಕಚೇರಿ ಸೇರಿದೆವು. ನಾನು ಯಂತ್ರದ ಕೋಣೆಯಲ್ಲಿ ಟೇಪು ಹಾಕಿ ತೆಗೆಯುವವನಾದೆ. ಅವಳು ಸಂಜೆ ಶಾಲೆಗೆ ಹೋಗಿ ಕಲಿತು, ವಿಮೆಯ ದರಗಳನ್ನು ನೋಡಿಕೊಳ್ಳುವವಳಾದಳು.

ಕಚೇರಿಗೆಲ್ಲ ಇದ್ದದ್ದು ಒಂದೇ ದೊಡ್ಡ ಕಂಪ್ಯೂಟರ್ ಯಂತ್ರ. ಅದು ಒಳಗೊಳಗೇ ತನ್ನನ್ನು ಹಂಚಿಕೊಂಡು, ಪರದೆಯ ಮುಂದೆ ಕೂತವರಿಗೆಲ್ಲ ‘ಇಡೀ ಯಂತ್ರ ನಿನ್ನದೇ’ ಎಂದು ನಂಬಿಸುತ್ತಿತ್ತು. ತಮ್ಮ ಪಾಲಿಗೆ ಬಂದದ್ದನ್ನೇ ಒಬ್ಬೊಬ್ಬರೂ ‘ನನ್ನ ಯಂತ್ರ’ ಅನ್ನುತ್ತಿದ್ದರು. ದರಗಳ ಡಿಸ್ಕನ್ನು ಎಲ್ಲರೂ ಓದಬಹುದು. ಬರೆಯುವುದು ಮಾತ್ರ ಒಂದು ಸಲಕ್ಕೆ ಒಬ್ಬರೇ.

ಆಗ ನೋರೀನ್ ಡಿಫಾಬಿಯೊ ಹೊಸದಾಗಿ ಬಂದಳು. ದರ ಬದಲಿಸುವ ಕೆಲಸದಲ್ಲಿ ಅರ್ಧ ಅವಳ ಪಾಲಾಯಿತು. ಅಂದಿನಿಂದ ಐರೀನಾ ಬೆಳಗ್ಗೆ ಬರೆಯುವ ಹಕ್ಕು ಹಿಡಿದು ಕೂತರೆ, ಸಂಜೆ ಕೋಟು ತೊಟ್ಟಮೇಲೇ ಬಿಡುವುದು.

“ಐರೀನಾ ಅವರೇ, ಒಂದು ಗಳಿಗೆ ಬಿಟ್ಕೊಡ್ತೀರಾ? ನಾನೂ ಸ್ವಲ್ಪ ಬರೀಬೇಕು.”

“ಓದೋಕೆ ಬಿಟ್ಟಿದ್ದೀನಲ್ಲಮ್ಮ, ಓದು. ಓದಿದ್ರೆ ಬುದ್ಧಿ ಬರುತ್ತೆ.” ಆಮೇಲೆ ನನ್ನ ಕಡೆ ತಿರುಗಿ, “ಶ್ಟೆಫಾನ್, ಅವಳ ಉಗುರಿನ ಬಣ್ಣ ನೋಡಿದ್ಯಾ? ಆ ಕೈಯಲ್ಲಿ ನನ್ನ ದರ ಮುಟ್ಟಬೇಕಂತೆ!”

ದೂರು ಮೇಲಧಿಕಾರಿ ಬಾರ್ಲೋವರೆಗೆ ಹೋಯಿತು. “ಇಬ್ರಿಗೂ ಒಟ್ಟಿಗೇ ಬರೆಯೋಕೆ ಬಿಡ್ರಪ್ಪ, ಜಗಳ ತೀರಲಿ” ಅಂದ. ಐರೀನಾ ತಕ್ಷಣ ಒಪ್ಪಿದಳು. ನನಗೆ ಸೋಜಿಗವಾಗಿ, ಯಾಕೆ ಒಪ್ಪಿದೆ ಎಂದು ಊಟದ ಹೊತ್ತಿನಲ್ಲಿ ಕೇಳಿದೆ.

“ಡಿಸ್ಕಲ್ಲಿ ಯಾವುದು ಎಲ್ಲಿದೆ ಅನ್ನೋದನ್ನ ಅವಳ ಯಂತ್ರ ಬೇರೆ, ನನ್ನದು ಬೇರೆ ನೆನಪಿಟ್ಕೊಂಡಿರುತ್ತೆ. ಕೊನೇಲಿ ಉಳಿಸಿದವರ ನೆನಪೇ ಡಿಸ್ಕಲ್ಲಿ ನಿಲ್ಲೋದು” ಅಂದಳು. “ಕೊನೇಲಿ ಉಳಿಸೋಳು ನಾನು.”

“ಹಾಗಾದ್ರೆ ಅವಳು ಬರೆದದ್ದು?”

“ಗಾಳಿಗೆ.” ಎಲೆಕೋಸಿನ ಸುರುಳಿಯನ್ನು ನೆಮ್ಮದಿಯಾಗಿ ಕತ್ತರಿಸಿ ತಿಂದಳು.

ಕೆಲವು ದಿನ ಹಾಗೆಯೇ ನಡೆಯಿತು. ನೋರೀನ್ ಬರೆದದ್ದು ಮಾಯವಾಗುವುದು, ಅವಳು ಹಲ್ಲು ಕಚ್ಚಿ ಮತ್ತೆ ಬರೆಯುವುದು. ಆದರೆ ಒಂದು ಜಾಗ ಖಾಲಿ ಇದೆಯೆಂದು ಇಬ್ಬರ ಯಂತ್ರಗಳೂ ನಂಬಿ, ಅದರ ಮೇಲೇ ಇಬ್ಬರೂ ಬರೆಯುತ್ತ ಹೋದರು. ಶುಕ್ರವಾರ ಐರೀನಾ ದರಗಳನ್ನು ತೆರೆದರೆ, ಮನೆಯ ವಿಮೆಯ ನಡುವೆ ಕಾರುಗಳು, ಕಾರುಗಳ ನಡುವೆ ಅರ್ಥವಿಲ್ಲದ ಅಕ್ಷರ. ಹಳೆಯ ದರಗಳೂ ಕೆಟ್ಟಿದ್ದವು. ನಾನು ಹಿಂದಿನ ವಾರ ನಕಲು ತೆಗೆದಿಟ್ಟಿದ್ದ ಟೇಪು ಹಾಕಿ ಡಿಸ್ಕನ್ನು ತುಂಬಿಸಿದೆ. ಈ ವಾರ ಇಬ್ಬರೂ ಮಾಡಿದ್ದು ಹೋಯಿತು.

“ಇನ್ನು ಇಬ್ರೂ ಬರೆಯೋ ಹಾಗಿಲ್ಲ” ಅಂದ ಬಾರ್ಲೋ. ದೊಡ್ಡ ಯಂತ್ರದೊಳಗೇ, ಪರದೆಯ ಮುಂದೆ ಯಾರೂ ಕೂರದ ಇನ್ನೊಂದು ಪಾಲಿನ ಯಂತ್ರವನ್ನು ಮಾಡಿಸಿದ. ಬರೆಯುವ ಹಕ್ಕು ಅದಕ್ಕೊಂದಕ್ಕೇ. ಬದಲಾವಣೆಯನ್ನು ಅದಕ್ಕೆ ಕಳಿಸಬೇಕು, ಅದು ಒಂದಾದಮೇಲೆ ಒಂದರಂತೆ ಬರೆಯುತ್ತದೆ.

ಐರೀನಾ ಅತ್ತುಬಿಡುತ್ತಾಳೆ ಅಂದುಕೊಂಡೆ. ಕೋಟಿನ ಗುಂಡಿ ಹಾಕುತ್ತ, “ಹೋಗ್ಲಿ ಬಿಡು ಶ್ಟೆಫಾನ್, ಅವಳಿಗೂ ಇಲ್ವಲ್ಲ” ಅಂದಳು.

ಆ ಸಮಾಧಾನ ಬಹಳ ದಿನ ಬಾಳಲಿಲ್ಲ. ಮೊದಲು ಬಂದ ಬದಲಾವಣೆಯನ್ನೇ ಆ ಯಂತ್ರ ಮೊದಲು ಬರೆಯುತ್ತದೆ ಎಂದು ಅವಳಿಗೆ ತಿಳಿಯಿತು. ಮಾರನೆಯ ಬೆಳಗ್ಗೆ ನಾನು ಬೀಗ ತೆರೆಯಲು ಬಂದರೆ, ಇಬ್ಬರೂ ಹಿಮದಲ್ಲಿ ನಿಂತಿದ್ದರು.

“ಬಸ್ಸು ಬೇಗ ಸಿಕ್ತು” ಅಂದಳು ಐರೀನಾ.

“ನಂಗೂ” ಅಂದಳು ನೋರೀನ್.

“ವಯಸ್ಸಲ್ಲಿ ದೊಡ್ಡೋಳು ನಾನು. ದಾರಿ ಬಿಡೇ.”

ನೋರೀನಳ ಮೊಣಕೈ ಆಗಲೇ ಬಾಗಿಲೊಳಗಿತ್ತು.