ಎರಡು ಬೆರಳು ಎತ್ತರ

ಕ್ಯಾನಿನ ತಳ ಪಿಕಪ್ಪಿನ ಅಂಚಿಗೆ ಡಬ್ಬೆಂದು ಬಡಿಯಿತು. ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದು, ಇಪ್ಪತ್ತು ಲೀಟರಿನ ಆ ನೀರಿನ ಕ್ಯಾನನ್ನು ತೊಡೆಗೆ ಆನಿಸಿಕೊಂಡು, ಉಸಿರೆಳೆದು ಮತ್ತೆ ಎತ್ತಿದಳು. ಈ ಸಲ ತುದಿಗಾಲಲ್ಲಿ ನಿಂತಿದ್ದಳು.

ಸ್ಟೀರಿಂಗ್ ಮುಂದೆ ಕೂತಿದ್ದ ಗಂಡ ಕನ್ನಡಿಯಲ್ಲಿ ನೋಡುತ್ತಿದ್ದದ್ದು ಅವಳನ್ನಲ್ಲ, ಚಕ್ರವನ್ನು. ನಿನ್ನೆ ಹಾಕಿಸಿಕೊಂಡು ಬಂದ ಅಲಾಯ್ ಚಕ್ರಗಳು. ದೊಡ್ಡ ರಿಮ್ಮು, ಅದಕ್ಕೆ ತಕ್ಕಂತೆ ದೊಡ್ಡ ಟೈರು, ಬೆಳಗಿನ ಬಿಸಿಲಿಗೆ ಫಳಫಳ. "ಎರಡು ದಿನ ಓಡಿಸಿ ನೋಡಪ್ಪ, ಬೇಡ ಅನಿಸಿದ್ರೆ ಬಿಚ್ಚಿದ್ರಾಯ್ತು," ಎಂದಿದ್ದ ಹಳೆಯ ಪರಿಚಯದ ಅಂಗಡಿಯವನು.

ಹನ್ನೊಂದು ವರ್ಷ ನೀರು ಹೊತ್ತು ದಣಿದ ಗಾಡಿ ಅದು. ಅವನೂ ಅಷ್ಟೇ. ಸೊಂಟ ಕೈಕೊಟ್ಟ ಮೇಲೆ ಎತ್ತುವ ಕೆಲಸ ಹೆಂಡತಿಯ ಪಾಲಿಗೆ ಬಿದ್ದು, ಅವನಿಗೆ ಉಳಿದದ್ದು ಗಾಡಿ ಓಡಿಸುವುದೊಂದೇ. ಗಾಡಿಯಾದರೂ ಕಣ್ಣಿಗೆ ಚೆಂದ ಕಾಣಲಿ ಎಂದು ಆಸೆಪಟ್ಟ. ಪಾಪ, ಅದರಲ್ಲಿ ತಪ್ಪೇನೂ ಇರಲಿಲ್ಲ. ತಿಂಗಳುಗಟ್ಟಲೆ ಮೆಕ್ಯಾನಿಕ್ಕಿನ ತಲೆ ತಿಂದ, ಭಾವಮೈದುನನ ತಲೆ ತಿಂದ. ಭಾರ ತಡೆಯುತ್ತಾ? ಗುಂಡಿಗೆ ಬಿದ್ದರೆ ಬಿರುಕು ಬಿಡುತ್ತಾ? ಡೀಸೆಲ್ ಜಾಸ್ತಿ ಕುಡಿಯುತ್ತಾ? ಕೇಳಬೇಕಾದ್ದನ್ನೆಲ್ಲ ಕೇಳಿದೆ ಎಂದೇ ಅವನು ನಂಬಿದ್ದ.

ಮತ್ತೆ ಡಬ್ಬೆಂದಿತು.

"ಏನೇ ಅದು?"

"ಏನಿಲ್ಲ. ಕೈ ಜಾರ್ತು."

ಮೂರನೆಯ ಸಲ ಬಡಿದಾಗ ಇಳಿದು ಬಂದ. ಬಲ ಭುಜವನ್ನು ಅದುಮಿಕೊಂಡು ನಿಂತಿದ್ದವಳು ಅವನನ್ನು ಕಂಡದ್ದೇ ಕೈ ಇಳಿಸಿದಳು. ಅವನು ಗಾಡಿಯ ಅಂಚನ್ನು ಮುಟ್ಟಿ ನೋಡಿದ. ದಿನಾ ಅವಳ ಎದೆಯಿಂದ ಕೆಳಗೇ ಇರುತ್ತಿದ್ದ ಅಂಚು ಈಗ ಎರಡು ಬೆರಳು ಮೇಲೇರಿತ್ತು. ಎರಡೇ ಬೆರಳು. ಆದರೆ ದಿನಕ್ಕೆ ಮೂರು ಟ್ರಿಪ್ಪು, ಒಂದೊಂದಕ್ಕೂ ನಲವತ್ತು ಕ್ಯಾನು.

"ಬಾಯಿ ಬಿಟ್ಟು ಹೇಳೋಕೇನಾಗಿತ್ತೇ ನಿನಗೆ?"

"ನಿನ್ನೆಯಿಂದ ಮುಖ ಅರಳಿಸ್ಕೊಂಡು ಓಡಾಡ್ತಿದ್ರಿ. ಎಷ್ಟು ದಿನ ಆಗಿತ್ತು ಹಾಗೆ ನೋಡಿ," ಎಂದಳು. "ಕಾಲಡಿಗೆ ಒಂದು ಮಣೆ ಹಾಕ್ಕೊಂಡ್ರೆ ಆಯ್ತು, ಬಿಡಿ."

ಮೊದಲ ಟ್ರಿಪ್ಪು ಮುಗಿದದ್ದೇ ಅವನು ಸೀದಾ ಅಂಗಡಿಗೆ ಹೋದ.

"ಮದುಮಗನ ಥರ ಕಾಣ್ತಿದೆ ಗಾಡಿ. ತಲೆ ಕೆಟ್ಟಿದ್ಯಾ ನಿನಗೆ?" ಎಂದ ಅಂಗಡಿಯವನು.

"ಬಿಚ್ಚಯ್ಯಾ ಸುಮ್ನೆ."

ಮಧ್ಯಾಹ್ನ ಗಾಡಿ ನೀರಿನ ಘಟಕದ ಮುಂದೆ ಬಂದು ನಿಂತಾಗ ಅವಳು ಕೆಸರು ಮೆತ್ತಿದ ಹಳೆಯ ಚಕ್ರಗಳನ್ನೂ ಅವನ ಮುಖವನ್ನೂ ನೋಡಿದಳು.

"ಯಾಕ್ ತೆಗೆಸಿದ್ರಿ? ಚೆನ್ನಾಗಿತ್ತಲ್ಲ."

"ನನಗ್ಯಾಕೋ ಹಿಡಿಸ್ಲಿಲ್ಲ."

"ನೆಟ್ಟಗೆ ಒಂದು ಸುಳ್ಳು ಹೇಳೋಕೂ ಬರಲ್ಲ ನಿಮಗೆ."

ಅವಳು ಬಗ್ಗಿ ಕ್ಯಾನು ಎತ್ತಿದಳು. ಅದು ಸದ್ದಿಲ್ಲದೆ ಒಳಗೆ ಜಾರಿ ಕೂತಿತು. ಕೈಯೊರೆಸಿಕೊಂಡು ಇನ್ನೊಂದಕ್ಕೆ ಬಗ್ಗಿದಳು. ಇನ್ನೂ ಮೂವತ್ತೊಂಬತ್ತು ಇದ್ದವು.